ರೆಫರಿ ಒಳಗೆ ಹೋದ ದಿನ

ಬೀದಿಯವರೆಲ್ಲ ಅವನನ್ನು ರೆಫರಿ ಎಂದೇ ಕರೆಯುತ್ತಿದ್ದರು. ಅವನೇನೂ ಸೀಟಿ ಊದಿದವನಲ್ಲ, ಕಾಲಲ್ಲಿ ಚೆಂಡು ಮುಟ್ಟಿದವನೂ ಅಲ್ಲ, ಬಸ್ ಓಡಿಸುತ್ತಿದ್ದವನು. ಆದರೆ ಫುಟ್‌ಬಾಲ್ ವಿಷಯಕ್ಕೆ ಬೀದಿಯಲ್ಲಿ ಜಗಳ ಎದ್ದರೆ ತೀರ್ಪು ಅವನದೇ. ಕಟಿಂಗ್ ಶಾಪಿನವನು ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು, ಕತ್ತಿ ಹಿಡಿದುಕೊಂಡೇ ಬಾಗಿಲಿಗೆ ಬಂದು, "ರೆಫರಿಗಳೇ, ಮೊನ್ನೆದು ಆಫ್‌ಸೈಡ್ ಹೌದೋ ಅಲ್ವೋ, ನೀವೇ ಹೇಳ್ಬಿಡಿ" ಎನ್ನುತ್ತಿದ್ದ. ರೆಫರಿ ಕೈಚೀಲ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದ. ಅವನು ಹೇಳಿದ ಮೇಲೆ ಮಾತು ಮುಗಿಯಿತು. ಕಣ್ಣಾರೆ ಕಂಡವನ ಮುಂದೆ ಯಾರು ವಾದಕ್ಕೆ ನಿಲ್ಲುತ್ತಾರೆ?

ಅವನು ಕಣ್ಣಾರೆ ಕಂಡದ್ದು ಸ್ಟೇಡಿಯಮ್ಮಿನ ಹಿಂದಿನ ಗೋಡೆಯನ್ನು. ಅದನ್ನಂತೂ ಅವನಷ್ಟು ಚೆನ್ನಾಗಿ ಕಂಡವರು ಬೇರೆ ಇರಲಾರರು. ಎಲ್ಲಿ ಗಾರೆ ಉದುರಿದೆ, ಯಾವ ಕೊಳವೆ ಸೋರುತ್ತದೆ, ಯಾವ ಮೂಲೆಯಲ್ಲಿ ಮೂಗು ಮುಚ್ಚಿಕೊಂಡು ನಡೆಯಬೇಕು, ಎಲ್ಲ ಗೊತ್ತು. ಗೋಡೆಯ ಆಚೆ ಏನಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಪಂದ್ಯವನ್ನೂ ಅವನು ಒಳಗೆ ಕೂತು ನೋಡಿರಲಿಲ್ಲ.

ಊರಿನ ಅಭಿಮಾನಿ ಬಳಗದವರು ಪ್ರತಿ ಪಂದ್ಯಕ್ಕೂ ಅವನ ಬಸ್ಸನ್ನೇ ಗೊತ್ತುಮಾಡುತ್ತಿದ್ದರು. ಬಾವುಟ, ತುತ್ತೂರಿ ಸಮೇತ ಅವರನ್ನು ಹತ್ತಿಸಿಕೊಂಡು ದೊಡ್ಡ ನಗರಕ್ಕೆ ಹೋಗುವುದು, ಸ್ಟೇಡಿಯಮ್ಮಿನ ಹಿಂದಿನ ಬಯಲಲ್ಲಿ ಗಾಡಿ ನಿಲ್ಲಿಸುವುದು, ಅವರು ಕುಣಿಯುತ್ತ ಒಳಗೆ ಹೋದ ಮೇಲೆ ಕಾಯುವುದು. ಜನ ಒಳಗಿರುವಷ್ಟು ಹೊತ್ತು ಡ್ರೈವರ್ ಗಾಡಿ ಬಿಟ್ಟು ಕದಲುವಂತಿಲ್ಲ ಎಂಬುದು ಮಾಲೀಕನ ಕಟ್ಟಪ್ಪಣೆ. ಹಿಂದೊಮ್ಮೆ ಯಾವನೋ ಡ್ರೈವರ್ ಚಹಾ ಕುಡಿಯಲು ಹೋಗಿದ್ದಾಗ ಬ್ಯಾಟರಿ ಮಾಯವಾಗಿತ್ತಂತೆ. ಅವನು ಕುಡಿದ ಚಹಾಕ್ಕೆ ಉಳಿದವರೆಲ್ಲ ದಂಡ ತೆತ್ತರು. ಪಂದ್ಯ ಮುಗಿಯಲು ಹತ್ತು ನಿಮಿಷ ಇರುವಾಗಲೇ ಎಂಜಿನ್ ಶುರುವಾಗಿ ಬಾಗಿಲು ತೆರೆದಿರಬೇಕು ಎಂಬುದು ಇನ್ನೊಂದು ಅಪ್ಪಣೆ. ಮೊದಲ ಸಾಲಿನಲ್ಲಿ ಹೊರಬೀಳದಿದ್ದರೆ ಆ ಬಯಲಲ್ಲೇ ಸಿಕ್ಕಿಹಾಕಿಕೊಳ್ಳಬೇಕಾಗುತ್ತಿತ್ತು. ಹಾಗಾಗಿ ಒಳಗೆ ಆಟಗಾರರು ಜೀವದ ಹಂಗು ತೊರೆದು ಓಡುವ ಹೊತ್ತಿಗೆ ಹೊರಗೆ ಇವನ ಕಾಲು ಕ್ಲಚ್ಚಿನ ಮೇಲೆ ಇರುತ್ತಿತ್ತು.

ಕೂತು ಕೂತು ಅವನಿಗೆ ಕಿವಿಯಲ್ಲೇ ಆಟ ನೋಡುವುದು ಅಭ್ಯಾಸವಾಯಿತು. ನಮ್ಮವರು ಗೋಲು ಹೊಡೆದರೆ ಸದ್ದು ಒಂದೇ ಸಲ ಮೇಲೆದ್ದು ಅಲ್ಲೇ ನಿಲ್ಲುತ್ತದೆ. ಎದುರಿನವರು ಹೊಡೆದರೆ ಒಂದು ಮೂಲೆಯಲ್ಲಿ ಮಾತ್ರ ಕೂಗು, ಉಳಿದೆಡೆ ನಿಟ್ಟುಸಿರು. ಕೂದಲೆಳೆಯಲ್ಲಿ ತಪ್ಪಿದರೆ ಸದ್ದು ಏರಿ, ಒಡೆದು, ಬೈಗುಳವಾಗಿ ಇಳಿಯುತ್ತದೆ. ಇದನ್ನೆಲ್ಲ ಅವನು ತನ್ನ ಕ್ಲೀನರಿಗೂ ಕಲಿಸಿದ್ದ. ಮುಖಕ್ಕಿಂತ ಮೀಸೆಯೇ ದೊಡ್ಡದಾಗಿದ್ದ ಆ ಮನುಷ್ಯನನ್ನು ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದರು. ಇಬ್ಬರೂ ಖಾಲಿ ಬಸ್ಸಿನಲ್ಲಿ ಕೂತು, ಗೋಡೆಯನ್ನು ನೋಡುತ್ತ, "ನಮ್ದು", "ಅವರ್ದು" ಎಂದು ಹೇಳಿಕೊಳ್ಳುತ್ತಿದ್ದರು.

ಸುಳ್ಳು ಶುರುವಾದದ್ದು ಬಹಳ ಸಣ್ಣದಾಗಿ. ಮೊದಲ ಸಲ ಊರಿಗೆ ಮರಳಿದಾಗ ಕಟಿಂಗ್ ಶಾಪಿನವನು, "ಹೆಂಗಿತ್ತು ಆ ಎರಡನೇ ಗೋಲು?" ಎಂದು ಕೇಳಿದ. 'ನಾನು ಒಳಗೆ ಹೋಗಿರಲಿಲ್ಲ' ಎನ್ನಲು ಇವನಿಗೆ ನಾಚಿಕೆಯಾಯಿತು. ಬಸ್ಸು ತುಂಬ ಜನ ದಾರಿಯುದ್ದಕ್ಕೂ ಅದೇ ಗೋಲನ್ನು ಬಾಯಿ ಹರಿಯುವಷ್ಟು ಹೇಳಿದ್ದರು, ಅದನ್ನೇ ಹೇಳಿದ. ನಾಲ್ಕು ಜನ ನಿಂತು ಕೇಳಿದರು. ಒಬ್ಬ ಚಹಾ ಕೊಡಿಸಿದ. ಅಲ್ಲಿಂದ ಮುಂದೆ ಹಿಂದಿರುಗುವ ದಾರಿಯಲ್ಲಿ ಅವನ ಕಣ್ಣು ರಸ್ತೆಯ ಮೇಲಿದ್ದರೆ ಕಿವಿಯೆಲ್ಲ ಹಿಂದೆ. ಒಳಗೆ ಕೂತವನು ಒಂದು ಕಡೆಯಿಂದ ಮಾತ್ರ ನೋಡಿರುತ್ತಾನೆ. ಇವನು ಎಲ್ಲರ ಕಣ್ಣನ್ನೂ ಎರವಲು ತಂದವನು, ಇವನ ಕಥೆಯೇ ಹೆಚ್ಚು ಚೆನ್ನಾಗಿರುತ್ತಿತ್ತು. ಬಳಗದವರ್ಯಾರೂ ಅವನ ಬೀದಿಯವರಲ್ಲದ್ದರಿಂದ ಸುಳ್ಳು ಬಯಲಾಗಲಿಲ್ಲ. ಹೀಗೆ ರೆಫರಿ ಆದ.

ಮನೆಯಲ್ಲಿ ಹೆಂಡತಿಗೂ ಅದೇ ಕಥೆ. ಅವಳು ಅಂಗಡಿಯೊಂದಕ್ಕೆ ದಿಂಬಿನ ಕವರು ಹೊಲಿದು ಕೊಡುತ್ತಿದ್ದಳು. ಯಂತ್ರದ ಸದ್ದು ನಿಲ್ಲಿಸಿ, ಬಾಯಲ್ಲಿ ದಾರ ಕಚ್ಚಿಕೊಂಡೇ ಕೇಳುತ್ತಿದ್ದಳು. ಆಟ ಅವಳಿಗೆ ಅರ್ಥವಾಗುತ್ತಿರಲಿಲ್ಲ, ಆದರೆ ದುಡಿದು ದಣಿಯುವ ಗಂಡನಿಗೆ ವಾರಕ್ಕೊಂದು ಖುಷಿಯಾದರೂ ಇದೆಯಲ್ಲ ಎಂದು ಅವಳಿಗೆ ಸಮಾಧಾನ. "ಮ್ಯಾಚ್ ನಡೀವಾಗ ಫೋನ್ ಮಾಡ್ಬೇಡ, ಆ ಗಲಾಟೇಲಿ ಏನೂ ಕೇಳ್ಸಲ್ಲ" ಎಂದು ಅವನು ಹೇಳಿದ್ದ. ಅವಳು ಮಾಡುತ್ತಿರಲಿಲ್ಲ.

ಒಂದು ದಿನ ಮಾಡಿದಳು. ಅವಳ ಅಪ್ಪನನ್ನು ಅವತ್ತು ಮಧ್ಯಾಹ್ನ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಿತ್ತು. ಎದೆಯ ಆಪರೇಷನ್ ತಕ್ಷಣ ಮಾಡಬೇಕು, ಮಾಡಿದರೂ ಭರವಸೆ ಇಲ್ಲ, ಸಹಿ ಹಾಕಿ ಎಂದರು ಡಾಕ್ಟರು. ಅಕ್ಕ ದೂರದ ಊರಲ್ಲಿದ್ದಳು. ಇವಳೊಬ್ಬಳೇ ಕಾರಿಡಾರಿನಲ್ಲಿ ನಿಂತು ಗಂಡನಿಗೆ ಫೋನ್ ಮಾಡಿದಳು, ಮತ್ತೆ ಮಾಡಿದಳು, ಮಾಡುತ್ತಲೇ ಇದ್ದಳು. ಆಟ ಮುಗಿದ ತಕ್ಷಣ ಅವನೇ ಮಾಡುತ್ತಾನೆ, ಕೇಳಿಕೊಂಡು ಸಹಿ ಹಾಕೋಣ ಎಂದು ಕಾದಳು. ಆಟ ಮುಗಿಯಿತು, ಅವನು ಮಾಡಿದ. ಅಷ್ಟರಲ್ಲಿ ಸಹಿ ಯಾರಿಗೂ ಬೇಕಾಗಿರಲಿಲ್ಲ.

ಫೋನು ಅವನ ಅಂಗೈಯಲ್ಲೇ ಇತ್ತು. ಹಿಂದಿನ ಸೀಟಿನಲ್ಲಿ ಮಲಗಿದ್ದ ಮೀಸೆ ತಲೆ ಎತ್ತಿ, "ಅಣ್ಣ, ಫೋನ್ ಬಡ್ಕೊಳ್ತಾ ಇದೆ" ಎಂದೂ ಹೇಳಿದ್ದ. ಇವನು ಎತ್ತಲಿಲ್ಲ. ಎತ್ತಿದರೆ ಅವಳ ಕಿವಿಗೆ ಏನು ಬೀಳುತ್ತಿತ್ತು? ಬಯಲಿನ ಕಾಗೆಯ ಕೂಗು, ಗೋಡೆಯಾಚೆ ಎಲ್ಲೋ ದೂರದಲ್ಲೊಂದು ಗುಂಯ್ ಎನ್ನುವ ಸದ್ದು. ಒಳಗಿಲ್ಲ ಎಂದು ತಕ್ಷಣ ಗೊತ್ತಾಗುತ್ತಿತ್ತು. ಅಂಗಡಿಯಿಂದ ಏನೋ ತರಲು ಹೇಳುತ್ತಾಳೆ, ಆಮೇಲೆ ಕೇಳಿದರಾಯಿತು ಎಂದುಕೊಂಡು, ಅದು ತಾನಾಗಿ ನಿಲ್ಲುವವರೆಗೂ ನೋಡುತ್ತ ಕೂತಿದ್ದ. ಜನ ಗೇಟಿನಿಂದ ಹೊರಬಿದ್ದು ಕೂಗಾಟ ಶುರುವಾದ ಮೇಲೆ, ಆ ಕೂಗಾಟದ ನಡುವೆ ನಿಂತು ಫೋನ್ ಮಾಡಿದ.

ಅವಳ ಅಕ್ಕ ಇವನ ಮುಖ ನೋಡುವುದನ್ನೇ ಬಿಟ್ಟಳು. "ಅಪ್ಪ ಅಲ್ಲಿ ಸಾಯ್ತಾ ಇದ್ರೆ ಇವ್ರು ಚೆಂಡು ನೋಡ್ತಾ ಕೂತಿದ್ರು" ಎಂದು ನೆಂಟರೆಲ್ಲರ ಮುಂದೆ ಹೇಳಿದಳು. ಹೆಂಡತಿ ಮಾತ್ರ, "ಆ ಗದ್ದಲದಲ್ಲಿ ಹೇಗೆ ಕೇಳ್ಸತ್ತೆ ಅಕ್ಕ, ಅವರಾದ್ರೂ ಏನ್ಮಾಡ್ತಾರೆ" ಎಂದು ಅವನ ಪರವಾಗಿ ನಿಂತಳು. ಅವನು ತಲೆ ತಗ್ಗಿಸಿ ಕೂತಿದ್ದ. ಗಂಡಸು ದುಃಖವನ್ನು ನುಂಗಿಕೊಂಡಿದ್ದಾನೆ ಎಂದು ಬಂದವರು ತಿಳಿದುಕೊಂಡರು.

ಇದಾದ ಮೇಲೂ ವರ್ಷಗಳು ಕಳೆದವು. ಕಣ್ಣಿನ ಡಾಕ್ಟರು ಇನ್ನು ಸ್ಟೀರಿಂಗ್ ಮುಟ್ಟಬೇಡಿ ಎಂದರು. ಮಾಲೀಕ ಒಂದು ಗೋಡೆ ಗಡಿಯಾರ ಕೊಟ್ಟು ಕೈತೊಳೆದುಕೊಂಡ. ಆ ಗಡಿಯಾರದ ಮೇಲೆ ಅವನ ಕಂಪನಿಯದೇ ಹೆಸರಿತ್ತು. ಬಸ್ಸು ಮೀಸೆಯ ಕೈಗೆ ಹೋಯಿತು. ಅಭಿಮಾನಿ ಬಳಗದ ಕಾರ್ಯದರ್ಶಿಗೆ ಮಾತ್ರ ಅಷ್ಟಿಷ್ಟು ಕರುಳು ಇತ್ತು. ಪ್ರತಿ ವರ್ಷ "ಮುಂದಿನ ಸಲ ನಿಮ್ಮನ್ನೂ ಒಳಗೆ ಕರ್ಕೊಂಡು ಹೋಗ್ತೀವಿ ಡ್ರೈವರಣ್ಣ" ಎಂದು ಹೇಳಿ ಹೇಳಿ ಅವನಿಗೇ ಬೇಸರ ಬಂದಿತ್ತೇನೋ. ಡಿಪೋಗೆ ಬಂದು ಎರಡು ಟಿಕೆಟ್ ಕೈಗಿಟ್ಟು, "ಈ ಸಲ ನೀವು ಪ್ಯಾಸೆಂಜರ್" ಎಂದ.

ರೆಫರಿಯ ಕಣ್ಣು ತುಂಬಿತು. ಒಂದು ಟಿಕೆಟನ್ನು ಯಾರಿಗಾದರೂ ಕೊಟ್ಟು, ಒಬ್ಬನೇ ಸದ್ದಿಲ್ಲದೆ ಹೋಗಿ, ಒಮ್ಮೆ ನೋಡಿ ಬಂದರೆ, ಇಷ್ಟು ದಿನ ಹೇಳಿದ ಸುಳ್ಳು ಅರ್ಧವಾದರೂ ನಿಜವಾಗುತ್ತದೆ ಎಂದು ಅವನ ಲೆಕ್ಕ. ಆದರೆ ಅಂಗಿ ಒಗೆಯಲು ಹಾಕುವಾಗ ಹೆಂಡತಿ ಜೇಬು ತಡಕಿದಳು.

"ಎರಡಿದೆಯಲ್ರೀ" ಎಂದಳು.

"ಒಂದು ಕಟಿಂಗ್ ಶಾಪಿನವನಿಗೆ ಅಂತ."

"ನಾನು ಬರ್ತೀನಿ."

ಅವನು ನಗಲು ನೋಡಿದ. "ನಿನಗೇನು ಅರ್ಥ ಆಗತ್ತೆ ಅಲ್ಲಿ? ಬಿಸಿಲು, ನೂಕುನುಗ್ಗಲು."

"ಆಟಕ್ಕೆ ಅಲ್ಲ" ಎಂದಳು ಅವಳು. ಅಂಗಿಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು. "ಆ ಗಲಾಟೆ ಎಷ್ಟಿರತ್ತೆ ಅಂತ ಒಂದ್ಸಲ ಕೇಳ್ಬೇಕು ನನಗೆ. ಅಷ್ಟೇ."

ಅವನಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ, ಹೂಂ ಎನ್ನಲೂ ಬರಲಿಲ್ಲ. ಅವಳು ಅದನ್ನೇ ಒಪ್ಪಿಗೆ ಎಂದು ತೆಗೆದುಕೊಂಡಳು.

ಆ ದಿನದಿಂದ ತಯಾರಿ ಶುರುವಾಯಿತು, ಅವನ ಪೀಕಲಾಟವೂ. ಮೊದಲ ಸಲ ಹೋಗುವವರು ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಇವನು ಮೊದಲ ಸಲ ಹೋಗಬೇಕು, ಆದರೆ ಯಾರನ್ನೂ ಏನನ್ನೂ ಕೇಳುವ ಹಾಗಿಲ್ಲ. ಹೆಂಡತಿಯೋ ಕೇಳುತ್ತಲೇ ಇದ್ದಳು. ಕೂರಲು ದಿಂಬು ತರಬೇಕಾ? ಮೆಟ್ಟಿಲು ಬಹಳ ಇದೆಯಾ, ನನ್ನ ಮಂಡಿ ತಡೆಯುತ್ತಾ? ಊಟದ ಡಬ್ಬಿ ಒಳಗೆ ಬಿಡ್ತಾರಾ? ಹೆಂಗಸರ ಶೌಚಾಲಯ ಯಾವ ಕಡೆ? ಅವನು ಪ್ರತಿಯೊಂದಕ್ಕೂ ರೆಫರಿಯ ದನಿಯಲ್ಲೇ ಉತ್ತರ ಕೊಟ್ಟ. "ಬಲಗಡೆ" ಎಂದ. "ಡಬ್ಬಿ ಬಿಡಲ್ಲ" ಎಂದ. ಹೇಳಿದ್ದು ಹೌದೋ ಅಲ್ಲವೋ ಅವನಿಗೇ ಗೊತ್ತಿರಲಿಲ್ಲ.

ಕಾರ್ಯದರ್ಶಿಗೆ ಫೋನ್ ಹಚ್ಚಿ, "ಹೆಂಗಸರನ್ನ ಕರ್ಕೊಂಡು ಬರ್ತಿದೀನಿ, ಸ್ವಲ್ಪ ಎಲ್ಲಾ ವಿವರವಾಗಿ ಹೇಳಿಬಿಡಿ" ಎಂದು ಹಿತ್ತಿಲಲ್ಲಿ ನಿಂತು ಪಿಸುಗುಟ್ಟಿದ. ಯಾವ ಗೇಟು, ಟಿಕೆಟನ್ನು ಯಂತ್ರಕ್ಕೆ ಯಾವ ಕಡೆಯಿಂದ ತೋರಿಸಬೇಕು, ಸೀಟಿನ ಸಾಲು ಎಲ್ಲಿ ಬರೆದಿರುತ್ತದೆ, ಪರೀಕ್ಷೆಗೆ ಕೂರುವವನ ಹಾಗೆ ಬಾಯಿಪಾಠ ಮಾಡಿದ. ಒಳಗಿನಿಂದ ಹೆಂಡತಿ, "ಯಾರ ಜೊತೆರೀ?" ಎಂದರೆ, "ಅವರಿಗೇ ಏನೋ ಡೌಟಂತೆ" ಎಂದ.

ಅವಳು ಹೊಸ ಚಪ್ಪಲಿ ಕೊಂಡಳು. ತಂಡದ ಬಣ್ಣ ಯಾವುದೆಂದು ಕೇಳಿ, ಅದೇ ಬಣ್ಣದ ಬಟ್ಟೆಯಲ್ಲಿ ಇಬ್ಬರಿಗೂ ಕೂರಲು ಸಣ್ಣ ದಿಂಬು ಹೊಲಿದಳು. ನೆಂಟರ ಮನೆಗೆ ಹೋಗುವಾಗಲೂ ಅವಳು ಇಷ್ಟು ಸಡಗರ ಮಾಡಿದವಳಲ್ಲ. ಅದನ್ನು ನೋಡಿ ಅವನಿಗೆ ಒಂದು ಕ್ಷಣ ನಿಜ ಹೇಳಿಬಿಡೋಣ ಎನ್ನಿಸಿತು. ಆದರೆ ಒಳಗೆ ಹೋಗಿರಲಿಲ್ಲ ಎಂದರೆ ಮುಂದಿನ ಪ್ರಶ್ನೆ ಫೋನಿನದು. ಮೊದಲ ಸುಳ್ಳು ನಗೆಪಾಟಲಿನದು, ನಕ್ಕು ಮರೆಯಬಹುದು. ಅದರ ಹಿಂದೆ ನಿಂತಿದ್ದದ್ದು ಅವಳ ಅಪ್ಪನ ಸಾವು. ಅವನು ದಿಂಬನ್ನು ಒತ್ತಿ ನೋಡಿ, ಚೆನ್ನಾಗಿದೆ ಎಂದ.

ಕೊನೆಗೆ ಮೀಸೆಯನ್ನೂ ಒಂದು ಮಾತು ಕೇಳಿಕೊಂಡ. "ಅವತ್ತು ನಮ್ಮನೆಯವಳೂ ಬರ್ತಾಳೆ. ನಾವು ಬಸ್ಸಲ್ಲೇ ಕೂರ್ತಿದ್ದದ್ದು ಗಿದ್ದದ್ದು ಎಲ್ಲ ಬಾಯಿ ಬಿಡ್ಬೇಡ."

"ನಾನ್ಯಾಕೆ ಹೇಳ್ಲಿ ಅಣ್ಣ" ಎಂದ ಮೀಸೆ. ಅವನಿಗೆ ಪೂರ್ತಿ ಅರ್ಥವಾಗಿರಲಿಲ್ಲ, ಅದು ಅವನ ತಪ್ಪೂ ಅಲ್ಲ.

ಪಂದ್ಯದ ದಿನ ರೆಫರಿ ತನ್ನದೇ ಬಸ್ಸಿನ ಮೂರನೇ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತ. ಮೀಸೆ ಗೇರು ಬದಲಿಸಿದಾಗಲೆಲ್ಲ ಇವನ ಕಾಲು ಕೆಳಗೆ ಒತ್ತುತ್ತಿತ್ತು. ಬಳಗದವರು ಹಿಂದೆ ಹಾಡುತ್ತಿದ್ದರು. ಹೆಂಡತಿ ಕಿಟಕಿಯಾಚೆ ನೋಡುತ್ತ, ಮಡಿಲಲ್ಲಿ ದಿಂಬು ಇಟ್ಟುಕೊಂಡು, ಅವರ ಹಾಡಿಗೆ ಬೆರಳಲ್ಲಿ ತಾಳ ಹಾಕುತ್ತಿದ್ದಳು.

ಗೇಟಿನಲ್ಲಿ ಅವನು ಟಿಕೆಟನ್ನು ತಲೆಕೆಳಗಾಗಿ ಹಿಡಿದ. ಕಾವಲಿನವಳು ಕಿತ್ತುಕೊಂಡು ಸರಿಯಾಗಿ ತೋರಿಸಿದಳು. "ಯಂತ್ರ ಬದಲಾಯಿಸಿದಾರೆ" ಎಂದ ಹೆಂಡತಿಗೆ. ಹೆಂಗಸರ ಶೌಚಾಲಯ ಎಡಗಡೆ ಇತ್ತು. "ಅದನ್ನೂ ಬದಲಾಯಿಸಿದಾರೆ" ಎಂದ. ಪಕ್ಕದಲ್ಲಿ ಹೋಗುತ್ತಿದ್ದವರ ಕೈಯಲ್ಲೆಲ್ಲ ಊಟದ ಡಬ್ಬಿಗಳಿದ್ದವು. ಅವಳು ಅವುಗಳನ್ನು ನೋಡಿ, ಅವನನ್ನು ನೋಡಿದಳು.

ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟ. ಅಷ್ಟು ಹಸಿರನ್ನು ಅವನು ಎಣಿಸಿರಲಿಲ್ಲ. ಗೋಡೆಯ ಆಚೆ ಇದೆಲ್ಲ ಇತ್ತು, ಪ್ರತಿ ವಾರ ಇತ್ತು, ಎಸೆದ ಕಲ್ಲು ಬೀಳುವಷ್ಟು ಹತ್ತಿರ ಇತ್ತು. ತನ್ನ ಆಯಸ್ಸನ್ನೆಲ್ಲ ಯಾರೋ ಬ್ಯಾಟರಿ ಕಾಯಲು ಹಚ್ಚಿದ್ದರಲ್ಲ ಎಂದು ಅವನಿಗೆ ಮೊದಲ ಬಾರಿಗೆ ಮೈ ಉರಿಯುವಷ್ಟು ಸಿಟ್ಟು ಬಂತು. ಬಾಯಿ ತೆರೆದು ನೋಡುವ ಹಾಗೂ ಇರಲಿಲ್ಲ. ನೋಡಿ ನೋಡಿ ಬೇಸತ್ತವನ ಮುಖ ಮಾಡಿಕೊಂಡು ಕೂತ.

ಆಟ ಶುರುವಾಯಿತು. ಅವನು ನೋಡಿದ, ಆದರೆ ಅರ್ಧ ಗಮನ ಹೆಂಡತಿಯ ಮೇಲೇ. ಎರಡೂ ತಂಡದವರು ಗೋಲು ಹೊಡೆಯಲಿಲ್ಲ. ಎರಡನೇ ಅರ್ಧದಲ್ಲಿ ನಮ್ಮವರ ಚೆಂಡೊಂದು ಕಂಬಕ್ಕೆ ಬಡಿದಾಗ ಇಡೀ ಸ್ಟೇಡಿಯಂ ಎದ್ದು ನಿಂತಿತು. ಅವಳು ಅವನ ತೋಳು ಹಿಡಿದು ಕಿವಿಯ ಬಳಿ ಬಂದು ಕೂಗಿದಳು.

"ಈಗ ನನಗೆ ಫೋನ್ ಮಾಡಿ."

"ಯಾಕೆ?"

"ಮಾಡಿ ಅಂದ್ನಲ್ಲ."

ಅವನು ಮಾಡಿದ. ಅವಳ ಚೀಲ ಅವಳ ಮಡಿಲಲ್ಲೇ ಇತ್ತು. ಅವಳು ತಲೆ ಬಗ್ಗಿಸಿ ಆಲಿಸಿದಳು. ತುತ್ತೂರಿ, ಡೋಲು, ಬೈಗುಳ, ಹಾಡು. ಅವಳು ಚೀಲ ತೆರೆದು ನೋಡಿದಾಗ ಫೋನು ಬೆಳಗುತ್ತಿತ್ತು, ಅದರ ಸದ್ದು ಮಾತ್ರ ಕೇಳಿಸುತ್ತಿರಲಿಲ್ಲ. ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಗದ್ದಲ ಸ್ವಲ್ಪ ಇಳಿದಾಗ ಹೇಳಿದಳು: "ಮಡಿಲಲ್ಲೇ ಇದ್ರೂ ಕೇಳ್ಸಲ್ಲ ಕಣ್ರೀ. ಅಕ್ಕನಿಗೆ ಹೇಳ್ತೀನಿ. ಇಷ್ಟು ವರ್ಷ ಬಾಯಲ್ಲಿ ನಿಮ್ಮ ಪರ ಮಾತಾಡ್ದೆ, ಮನಸ್ಸಲ್ಲಿ ಎಲ್ಲೋ ಒಂದು ಕಡೆ ಇವ್ರು ಬೇಕಂತಲೇ ಎತ್ತಲಿಲ್ಲ ಅಂತ ಇತ್ತು. ತಪ್ಪು ತಿಳ್ಕೊಂಡಿದ್ದೆ. ಮನಸ್ಸಿಗೆ ಹಚ್ಕೋಬೇಡಿ."

ಅವಳು ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮದುವೆಯಾದ ಹೊಸದರಲ್ಲಿ ಬಿಟ್ಟರೆ ಅವಳು ಜನರ ನಡುವೆ ಹಾಗೆ ಕೈ ಹಿಡಿದದ್ದಿಲ್ಲ. ಹೇಳಿದರೆ ಈಗ ಹೇಳಬೇಕು ಎಂದು ಅವನಿಗೆ ಗೊತ್ತಿತ್ತು. ಆ ಕೈಯ ಬಿಸಿಯನ್ನು ತಡೆಯಲಾರದೆ ಅವನು ತಲೆ ಎತ್ತಿ ದೊಡ್ಡ ಗಡಿಯಾರವನ್ನು ನೋಡಿದ. ಇನ್ನು ಹತ್ತು ನಿಮಿಷ ಇತ್ತು. ಅವನ ಕಾಲುಗಳು ತಾವಾಗಿಯೇ ಎದ್ದವು.

"ನಡಿ, ಹೊರಡೋಣ" ಎಂದ.

"ಮುಗೀಲಿಲ್ವಲ್ಲ?"

"ಗೊತ್ತಿರೋರು ಹೀಗೇ ಮಾಡೋದು. ಆಮೇಲೆ ನೂಕುನುಗ್ಗಲು."

ಅವಳು ದಿಂಬು ಎತ್ತಿಕೊಂಡು ಹಿಂದೆ ಬಂದಳು. ಅವನನ್ನು ಇವತ್ತು ಪೂರ್ತಿ ನಂಬಿದ್ದಳು. ಮೆಟ್ಟಿಲು ಇಳಿದು, ಗೋಡೆ ಬಳಸಿ, ಸೋರುವ ಕೊಳವೆ ದಾಟಿ, ಮೂಗು ಮುಚ್ಚಬೇಕಾದ ಮೂಲೆಯಲ್ಲಿ ಅವಳಿಗೆ "ಮೂಗು ಮುಚ್ಕೋ" ಎಂದು ಹೇಳಿ, ಅವನು ಸೀದಾ ಬಸ್ಸಿನ ಬಳಿ ಬಂದ. ಒಳಗೆ ಎಲ್ಲಕ್ಕೂ ತಡವರಿಸಿದವನು ಇಲ್ಲಿ ಎಲ್ಲೂ ತಡವರಿಸಲಿಲ್ಲ. ಬಯಲಿನಲ್ಲಿ ಕಾಗೆಗಳಿದ್ದವು. ಗೋಡೆಯಾಚೆಯ ಗುಂಯ್ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಎಂಜಿನ್ ಶುರುಮಾಡಲೆಂದು ಡ್ರೈವರ್ ಸೀಟಿಗೆ ಬಂದು ಕೂತಿದ್ದ ಮೀಸೆ ಇವರನ್ನು ನೋಡಿ ಗಾಬರಿಯಾದ. "ಯಾಕಣ್ಣ, ಇನ್ನೂ ಮುಗಿದಿಲ್ವಲ್ಲ?"

ಅವನು ಉತ್ತರ ಕೊಡುವ ಮೊದಲೇ ಗೋಡೆಯಾಚೆ ಸದ್ದು ಎದ್ದಿತು. ಒಂದೇ ಸಲ ಮೇಲೆದ್ದು, ಅಲ್ಲೇ ನಿಂತಿತು.

"ನಮ್ದು" ಎಂದರು ಇಬ್ಬರೂ ಒಟ್ಟಿಗೆ.

ಹೆಂಡತಿ ಅವರಿಬ್ಬರನ್ನೂ ನೋಡಿದಳು. "ಇಲ್ಲಿಂದ ಹೇಗೆ ಗೊತ್ತಾಗತ್ತೆ?"

ಮೀಸೆಗೆ ಹೆಮ್ಮೆ ತಡೆಯಲಾಗಲಿಲ್ಲ. "ಶಬ್ದದಲ್ಲೇ ಗೊತ್ತಾಗತ್ತೆ ಅಕ್ಕ. ನಮ್ಮೋರು ಹೊಡೆದ್ರೆ ಮೇಲೆದ್ದು ನಿಲ್ಲತ್ತೆ, ಅವ್ರು ಹೊಡೆದ್ರೆ ಒಂದು ಮೂಲೇಲಿ ಮಾತ್ರ ಕೂಗು. ಅಣ್ಣನೇ ಕಲಿಸಿದ್ದು, ಇಲ್ಲೇ ಕೂತ್ಕೊಂಡು..." ಎಂದು ಹೇಳುತ್ತಿದ್ದವನು ರೆಫರಿಯ ಮುಖ ನೋಡಿ ನಿಲ್ಲಿಸಿದ. ಆಮೇಲೆ ಟಯರು ನೋಡಬೇಕೆಂದು ಬಸ್ಸಿನ ಆಚೆ ಬದಿಗೆ ಇಳಿದುಹೋದ.

ಅವಳು ಮೊದಲು ಗೋಡೆಯನ್ನು ನೋಡಿದಳು. ಆಮೇಲೆ ಬಸ್ಸಿನ ಮುಂದಿನ ಸೀಟನ್ನು, ಅಲ್ಲಿ ಕೂತು ಕೂತು ಗುಳಿಬಿದ್ದ ಜಾಗವನ್ನು ನೋಡಿದಳು.

"ಟಿಕೆಟ್ ಉಲ್ಟಾ ಹಿಡಿದಾಗಲೇ ಗೊತ್ತಾಗ್ಬೇಕಿತ್ತು ನನಗೆ" ಎಂದಳು. "ಒಳಗೆ ಹೋಗೇ ಇರ್ಲಿಲ್ಲ ಅಲ್ವಾ ನೀವು?"

ಅವನು ಬಸ್ಸಿನ ಬಾಗಿಲ ಕಂಬಿ ಹಿಡಿದುಕೊಂಡ.

"ಅವತ್ತೂ?"

"ಗಾಡಿ ಬಿಟ್ಟು ಹೋಗೋ ಹಾಗಿರ್ಲಿಲ್ಲ ಕಣೆ. ಮಾಲೀಕ..."

"ನಾನು ಮಾಲೀಕನ್ನ ಕೇಳ್ಲಿಲ್ಲ."

ಅವಳ ದನಿ ಏರಲಿಲ್ಲ. ದಿಂಬುಗಳನ್ನು ಬಸ್ಸಿನ ಮೆಟ್ಟಿಲ ಮೇಲೆ ಒಂದರ ಮೇಲೊಂದು ಇಟ್ಟಳು. ಚೀಲದಿಂದ ಫೋನು ತೆಗೆದು, ಕಣ್ಣಿಗೆ ಹತ್ತಿರ ಹಿಡಿದುಕೊಂಡು, ಒತ್ತಿದಳು. ಅವನ ಅಂಗಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಆ ಬಯಲಲ್ಲಿ ಅದು ಎಷ್ಟು ಜೋರಾಗಿ ಕೇಳಿಸಿತೆಂದರೆ ಮೂರು ಬಸ್ಸಿನಾಚೆ ಮಲಗಿದ್ದ ಡ್ರೈವರೊಬ್ಬ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದ. ರೆಫರಿ ಜೇಬಿಗೆ ಕೈ ಹಾಕಲಿಲ್ಲ. ಅದು ನಿಂತಿತು. ಅವಳು ಮತ್ತೆ ಒತ್ತಿದಳು.

"ಇವತ್ತಾದ್ರೂ ಎತ್ತಿ" ಎಂದಳು.

ಅವನು ಜೇಬಿನಿಂದ ಫೋನು ತೆಗೆದು ಕಿವಿಗೆ ಹಿಡಿದ. ಒಂದು ಮಾರು ದೂರದಲ್ಲಿ ಅವನ ಕಡೆಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ನಿಂತು, ಅವಳು ಫೋನಿನಲ್ಲಿ ಮಾತಾಡಿದಳು.

"ರೀ, ಡಾಕ್ಟ್ರು ಸಹಿ ಕೇಳ್ತಾ ಇದಾರೆ. ಹಾಕ್ಲಾ, ಬೇಡ್ವಾ?"